ಮೊಂತಿ ಹಬ್ಬದ ಹೊಸ ಅಕ್ಕಿ

ಇವತ್ತು ದರ್ಬೆಯ ನನ್ನ ಅಂಗಡಿಗೆ ಒಬ್ಬರು ಹಸಿ ಭತ್ತದ ತೆನೆ ತಂದರು. ದರ ಮಾತಾಡುವಾಗ ಮೊದಲು ಬಾಯಿ ಬಿಡಬೇಡಿ ಎಂದು ಎಲ್ಲರಿಗೂ ಬುದ್ಧಿ ಹೇಳುವ ನಾನೇ, ಆ ವಾಸನೆಗೆ ಅವರು ಕೇಳಿದಷ್ಟು ಕೊಟ್ಟುಬಿಟ್ಟೆ.

ನನ್ನ ಬಾಲ್ಯದ ಒಂದು ದಿನ ನೆನಪಾಗಿತ್ತು. ಆಲಂಕಾರಿನ ನಮ್ಮ ಮನೆಯಲ್ಲಿ ಅಂದು ಹೊಸ ಬೆಳೆಯ ಮೊಂತಿ ಹಬ್ಬ. ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿ ಕೊಟ್ಟ ತೆನೆಯ ಅಕ್ಕಿಯನ್ನು ಅಜ್ಜಿ ಪುಡಿ ಮಾಡಿ ತೆಂಗಿನ ಹಾಲಿಗೆ ಬೆರೆಸಿಟ್ಟಿದ್ದರು. ಕುಟುಂಬದವರೆಲ್ಲ ಕೂತು ಪ್ರಾರ್ಥಿಸದೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಆದರೆ ಬಾವಿನೀರಿನ ಜಗಳದಿಂದ ಪಕ್ಕದ ಮನೆಯ ದೊಡ್ಡಪ್ಪನಿಗೂ ಅಪ್ಪನಿಗೂ ಮಾತು ನಿಂತಿತ್ತು.

“ಅಣ್ಣನಿಗೆ ಪಾಲು ಕಳಿಸಿದರೆ ಸಾಲದಾ ಅಮ್ಮಾ?” ಎಂದರು ಅಪ್ಪ.

“ಕಳಿಸುದು ಹಾಸಿಗೆ ಹಿಡಿದವರಿಗೆ. ಅವನಿಗೆ ಎಂತ, ಜ್ವರ ಉಂಟಾ?” ಎಂದರು ಅಜ್ಜಿ.

ಗಂಟೆ ಎರಡಾಯಿತು. ನನ್ನ ಹೊಟ್ಟೆ ಕೂಗುತ್ತಿತ್ತು, ಪಾತ್ರೆಯ ಮೇಲಿನ ಅಜ್ಜಿಯ ಕೈ ಮಾತ್ರ ಕದಲಲಿಲ್ಲ. ಕೊನೆಗೆ ಅಪ್ಪ ಎದ್ದು ಬೇಲಿಯ ಬಳಿ ಹೋಗಿ, ಗಂಟಲು ಸರಿಮಾಡಿಕೊಂಡು, “ಅಣ್ಣಾ, ಊಟಕ್ಕೆ ಬಾ” ಎಂದರು.

ದೊಡ್ಡಪ್ಪ, ದೊಡ್ಡಮ್ಮ, ಮಕ್ಕಳು ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ಆಚೆ ತಮ್ಮ ಜಗಲಿ ಮೇಲೆ ಸಾಲಾಗಿ ಕೂತಿದ್ದರು.

“ಎಂತ ಮಾರಾಯ, ಕರೀಲಿಕ್ಕೆ ಇಷ್ಟು ತಡವಾ? ಬೆಳಿಗ್ಗೆಯಿಂದ ಹಸಿದು ಕೂತಿದ್ದೇವೆ!” ಎನ್ನುತ್ತಾ ದೊಡ್ಡಪ್ಪ ಬೇಲಿ ಹಾರಿಯೇ ಬಂದರು.

ಅವರು ಮನೆಯೊಳಗೆ ಕಾಲಿಡುವ ಮೊದಲೇ ಅಜ್ಜಿ ಪ್ರಾರ್ಥನೆ ಶುರುಮಾಡಿಬಿಟ್ಟಿದ್ದರು.