ಕೊಟ್ಟರೆ ನೋವಾಗುವುದನ್ನು ಕೊಡಿ

ಇಂಪನಾ ತಳ್ಳಿಕೊಂಡು ಬಂದ ಸೈಕಲ್ಲು ಅವಳದಾಗಿರಲಿಲ್ಲ.

ಚರ್ಚಿನ ಗೇಟಿನಲ್ಲಿ ನಿಂತಿದ್ದ ಪ್ರೇಮಲತಾಗೆ ದೂರದಿಂದಲೇ ಗುರುತು ಸಿಕ್ಕಿತು. ನೇರಳೆ ಬಣ್ಣದ ಆ ಸೈಕಲ್ಲು ಯಶಸ್ವಿನಿಯದು. ಅಪ್ಪ ಹುಟ್ಟುಹಬ್ಬಕ್ಕೆ ಕೊಡಿಸಿದ್ದು. ಅದನ್ನು ಯಾರಿಗೂ ಮುಟ್ಟಲೂ ಬಿಡುತ್ತಿರಲಿಲ್ಲ.

"ಯಶು ಕೊಟ್ಬಿಟ್ಲು ಮಿಸ್. ಇನ್ಮೇಲೆ ನಂದೇ ಅಂತೆ," ಎಂದಳು ಇಂಪನಾ. "ಗಿಟಾರೂ ಯಾರಿಗೋ ಕೊಟ್ಟವ್ಳೆ. ನೀವು ಹೇಳಿದ್ರಲ್ಲ, ಅದಕ್ಕೆ."

ಪ್ರೇಮಲತಾ ಹೇಳಿದ್ದು ನಿಜ. ತುಮಕೂರಿನ ಸದಾಶಿವನಗರದ ಆ ಪುಟ್ಟ ಚರ್ಚಿನಲ್ಲಿ ಹೈಸ್ಕೂಲು ಮಕ್ಕಳಿಗೆ ಭಾನುವಾರದ ಪಾಠ ಮಾಡುವವಳು ಅವಳೇ. ಒಂದು ತಿಂಗಳಿಂದ ಕೊಡುವುದರ ಬಗ್ಗೆಯೇ ಪಾಠ. ಮನೆಯಲ್ಲಿ ಮಿಕ್ಕಿದ್ದನ್ನು ಕೊಡಬೇಡಿ, ಕೊಟ್ಟರೆ ನೋವಾಗುವಂಥದ್ದನ್ನು ಕೊಡಿ ಎಂದಿದ್ದಳು. ಬರೀ ಮಾತಾಗಬಾರದೆಂದು ಮೊದಲು ತಾನೇ ಕೊಟ್ಟು ತೋರಿಸಿದ್ದಳು. ತನ್ನ ಹಾರ್ಮೋನಿಯಂ ಚರ್ಚಿನ ಹಾಡುವ ತಂಡಕ್ಕೆ, ತೀರಿಕೊಂಡ ಗಂಡ ಅನಂತರಾಜುವಿನ ಸ್ಕೂಟರು ಚರ್ಚಿನ ಕಾವಲುಗಾರನಿಗೆ, ಮದುವೆಯ ರೇಷ್ಮೆ ಸೀರೆ ಇಂಪನಾಳ ಅಕ್ಕನಿಗೆ. ಪಾದ್ರಿಗಳು ಪ್ರಸಂಗದಲ್ಲೇ ಅವಳನ್ನು ಹೊಗಳಿದ್ದರು.

ಯಶಸ್ವಿನಿ ಮಾತ್ರ ಒಂದು ಪ್ರಶ್ನೆ ಕೇಳಿದ್ದಳು. "ಕೊಟ್ಮೇಲೆ ಹೆಂಗನ್ಸುತ್ತೆ ಮಿಸ್?"

"ಹಗುರ ಅನ್ಸುತ್ತೆ ಕಣೇ. ಚೆನ್ನಾಗಿ ನಿದ್ದೆ ಬರುತ್ತೆ."

ಹುಡುಗಿ ಅವಳನ್ನೇ ನೋಡುತ್ತಾ ಕೂತಿದ್ದಳು. ಇವತ್ತು ತರಗತಿಗೇ ಬಂದಿಲ್ಲ.

ಕೆದಕಿ ಕೇಳಿದಾಗ ಇಂಪನಾ ಬಾಯಿಬಿಟ್ಟಳು. ನಿನ್ನೆ ಸಂಜೆಯೇ ಸೈಕಲ್ಲು ಬಿಟ್ಟುಹೋಗಿದ್ದಳಂತೆ. ಇವತ್ತು ಬೆಳಿಗ್ಗೆ ಆರಕ್ಕೇ ಬಸ್ ಸ್ಟ್ಯಾಂಡಿನ ಕಡೆ ನಡೆದುಹೋಗುತ್ತಿದ್ದಳಂತೆ. ಕಣ್ಣು ಊದಿಕೊಂಡಿತ್ತಂತೆ.

ಜೀವದಂತೆ ನೋಡಿಕೊಂಡ ವಸ್ತುಗಳನ್ನು ಒಬ್ಬರು ಒಂದೊಂದಾಗಿ ಹಂಚತೊಡಗಿದರೆ ಅದು ಯಾವಾಗಲೂ ದೊಡ್ಡ ಮನಸ್ಸೇ ಆಗಿರಬೇಕಿಲ್ಲ. ಅದು ಪ್ರೇಮಲತಾಗೆ ಚೆನ್ನಾಗಿ ಗೊತ್ತಿತ್ತು. ತನ್ನ ಪಾಠವೇ ಆ ಹುಡುಗಿಗೆ ನೆಪವಾಯಿತೇ?

ಯಶಸ್ವಿನಿಯ ಅಪ್ಪ ಶಿವಮೂರ್ತಿಗೆ ಫೋನು ಮಾಡಿದಳು. ಗುಬ್ಬಿ ಹತ್ತಿರದ ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಅವನಿಗೆ ಡ್ಯೂಟಿ. ಜೊತೆಯವರೊಬ್ಬರ ಕಾರು ಕೇಳಿಕೊಂಡು ಮುಕ್ಕಾಲು ಗಂಟೆಯಲ್ಲಿ ಬಂದ. ಮನೆಗೆ ಹೋಗಿ ನೋಡಿದರೆ ಹಾಸಿಗೆಯ ಮೇಲೆ ಮಗಳ ಫೋನು ಬಿದ್ದಿತ್ತು. ಅವನು ಅದನ್ನೇ ನೋಡುತ್ತಾ ಕುಣಿಗಲ್ಲಿಗೆ ಹೋಗಿರಬೇಕು ಎಂದ. ಕುಣಿಗಲ್ ಅವಳ ತಾಯಿಯ ತವರು. ತಾಯಿಯ ಸಮಾಧಿ ಇರುವುದೂ ಅಲ್ಲೇ.

ಇಬ್ಬರೂ ಕಾರಿನಲ್ಲಿ ಕುಣಿಗಲ್ಲಿಗೆ ಹೊರಟರು. ಹೆಬ್ಬೂರು ದಾಟಿದ ಮೇಲೆ ಶಿವಮೂರ್ತಿ ರಸ್ತೆ ನೋಡುತ್ತಲೇ ಹೇಳಿದ. ಹೆಂಡತಿ ಜ್ವರ ಬಂದು ತೀರಿಕೊಂಡಳೆಂದು ನಾಲ್ಕು ವರ್ಷಗಳಿಂದ ಎಲ್ಲರಿಗೂ ಹೇಳುತ್ತಾ ಬಂದಿದ್ದ. ಮಗಳಿಗೂ ಹಾಗೇ ಹೇಳಿದ್ದ. ಆದರೆ ಹೆಂಡತಿ ತಾನಾಗಿಯೇ ಪ್ರಾಣ ಕಳೆದುಕೊಂಡಿದ್ದಳು.

"ಅದಕ್ಕೆ ಮುಂಚೆ ಬೀರು ಖಾಲಿ ಮಾಡಿದ್ಲು ಟೀಚರ್. ಸೀರೆ, ಬಳೆ, ಎಲ್ಲಾ ಹಂಚಿದ್ಲು. ಎಂಥಾ ಮನಸ್ಸು ನನ್ ಹೆಂಡ್ತೀದು ಅಂತ ನಾನೇ ಹೇಳ್ಕೊಂಡು ಓಡಾಡ್ದೆ."

ಪ್ರೇಮಲತಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಸಮಾಧಿಯ ಮೇಲೆ ಸೇವಂತಿಗೆ ಹೂವಿತ್ತು, ಇನ್ನೂ ಬಾಡಿರಲಿಲ್ಲ. ಹುಡುಗಿ ಇರಲಿಲ್ಲ. ಗೇಟಿನ ಬಳಿ ಕಸ ಗುಡಿಸುತ್ತಿದ್ದ ಮುದುಕಿಯನ್ನು ಕೇಳಿದರು. ಒಂದು ಹೆಣ್ಣುಮಗು ಬಂದಿತ್ತು, ತುಂಬಾ ಹೊತ್ತು ಅಳುತ್ತಾ ಕೂತಿತ್ತು, ಆಮೇಲೆ ಕೆರೆ ಕಡೆ ಹೋಯಿತು ಎಂದಳು.

ಕೆರೆ ಏರಿಯ ಉದ್ದಕ್ಕೂ ಇಬ್ಬರೂ ಓಡಿದರು. ಶಿವಮೂರ್ತಿ ಎದುರಾದವರನ್ನೆಲ್ಲಾ ನಿಲ್ಲಿಸಿ ಕೇಳಿದ. ಮೀನು ಹಿಡಿಯುವವರು, ದನ ಹೊಡೆದುಕೊಂಡು ಹೋಗುವವರು, ಯಾರೂ ನೋಡಿರಲಿಲ್ಲ. ನೀರು ಅಲುಗದೆ ಮಲಗಿತ್ತು. ಪ್ರೇಮಲತಾ ಕಲ್ಲಿನ ಮೇಲೆ ಕೂತಳು. ಮಕ್ಕಳಿಂದ ಪ್ರಾರ್ಥನೆ ಮಾಡಿಸುತ್ತಿದ್ದಳಷ್ಟೇ, ತಾನು ಮಾಡುವುದನ್ನು ಬಿಟ್ಟು ಎಷ್ಟೋ ತಿಂಗಳಾಗಿತ್ತು. ಈಗ ತುಟಿ ತಾನಾಗಿ ಅಲುಗಿತು. ಆ ಮಗು ಬದುಕಿರಲಿ. ಅಷ್ಟೇ ಕೇಳಿಕೊಂಡಳು.

ಫೋನು ಬಡಿದುಕೊಂಡಿತು. ಇಂಪನಾ.

"ಮಿಸ್, ಯಶು ನಿಮ್ಮನೆ ಬಾಗ್ಲಲ್ಲೇ ಕೂತವ್ಳೆ. ಹತ್ತು ಗಂಟೆಯಿಂದ ನಿಮಗೇ ಕಾಯ್ತಾವ್ಳಂತೆ."

ಅವರು ವಾಪಸ್ ಬಂದಾಗ ಯಶಸ್ವಿನಿ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಸ್ಕೂಲ್ ಬ್ಯಾಗು, ಅದರ ತುಂಬ ತುರುಕಿದ ಬಟ್ಟೆ. ಶಿವಮೂರ್ತಿ ಮಗಳ ಎರಡೂ ಭುಜ ಹಿಡಿದುಕೊಂಡ. ಸೈಕಲ್ ಯಾಕೆ ಕೊಟ್ಟೆ ಎಂದಷ್ಟೇ ಕೇಳಿದ.

"ಕೊಟ್ರೆ ಹೆಂಗಿರುತ್ತೆ ಅಂತ ನೋಡೋಕೆ ಕೊಟ್ಟೆ ಅಪ್ಪ. ನಂಗೆ ಹಗುರ ಆಗ್ಲಿಲ್ಲ. ರಾತ್ರಿಯೆಲ್ಲಾ ಸೈಕಲ್ಲೇ ಬೇಕು ಅನ್ನಿಸ್ತು." ಅವಳು ಮೂಗು ಒರೆಸಿಕೊಂಡಳು. "ಅಮ್ಮಂಗೆ ಜ್ವರ ಇರ್ಲಿಲ್ಲ ಅಂತ ನಂಗೊತ್ತು. ಆಗ ನಾನು ಚಿಕ್ಕೋಳು, ಏನೂ ಗೊತ್ತಾಗ್ಲಿಲ್ಲ. ಮಿಸ್ಸೂ ಅಮ್ಮನ ಥರಾನೇ ಎಲ್ಲಾ ಹಂಚ್ತಿದ್ದಾರೆ, ಈ ಸಲ ಗೊತ್ತಾಯ್ತು. ಮಿಸ್‌ನ ಒಬ್ರನ್ನೇ ಬಿಡೋದು ಬೇಡ, ನಾನು ಇಲ್ಲೇ ಇರ್ತೀನಿ."

ಶಿವಮೂರ್ತಿ ನಿಧಾನವಾಗಿ ಪ್ರೇಮಲತಾಳ ಕಡೆ ತಿರುಗಿದ. ಏನೂ ಇಲ್ಲ, ಹುಡುಗಿಗೆ ಭ್ರಮೆ ಎಂದು ಅವಳು ನಕ್ಕುಬಿಡಬಹುದಿತ್ತು. ಆ ಮಾತು ತುಟಿಯವರೆಗೂ ಬಂತು.

"ನನ್ನನ್ನ ಈಗಲೇ ಯಾವ್ದಾದ್ರೂ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಶಿವಮೂರ್ತಿಯವ್ರೇ," ಎಂದಳು ಪ್ರೇಮಲತಾ. "ನಾಳೆ ಅನ್ನೋದನ್ನ ನಾನು ನನಗೆ ಅಂತ ಇಟ್ಕೊಂಡೇ ಇರ್ಲಿಲ್ಲ."