ಕೋಲು ಇಳಿಸಬೇಡಿ

“ಬೆನ್ನ ಮೇಲೆ ಬೀಳಮ್ಮಾ, ದಪ್ಪ ಹಾಸಿಗೆ ಹಾಕಿಲ್ವಾ!” ಕೋಚ್ ಕೂಗಿದರು. ಯುದ್ಧಕ್ಕೆ ಮುಂಚೆ ಎತ್ತರ ಜಿಗಿತದಲ್ಲಿ ತನ್ನ ದೇಶಕ್ಕೇ ಮೊದಲಿಗಳಾಗಿದ್ದ ಹುಡುಗಿ ಈ ಸಲವೂ ಬೆಕ್ಕಿನಂತೆ ಕಾಲೂರಿಯೇ ಇಳಿದಳು. ಅಡ್ಡಕೋಲು ಅವಳ ಜೊತೆಗೇ ಬಿತ್ತು. ಸಾಲಿನಲ್ಲಿದ್ದವರು ಮುಸಿಮುಸಿ ನಕ್ಕರು.

“ನಿರಾಶ್ರಿತರ ಶಿಬಿರದಲ್ಲಿ ಅಭ್ಯಾಸ ತಪ್ಪಿದೆ, ಪಾಪ. ಸ್ವಲ್ಪ ಇಳಿಸೋಣ,” ಎಂದು ಕೋಚ್ ಕೋಲಿಗೆ ಕೈಹಾಕಿದರು.

ಅವಳು ಆ ಕೈ ತಡೆದಳು. “ಪಾಪಗೀಪ ಬೇಡ ಸಾರ್. ಗಡಿಯ ಮುಳ್ಳುಬೇಲಿ ಹಾರಿದಾಗ ಆಚೆ ಹಾಸಿಗೆ ಇರಲಿಲ್ಲ. ಕಾಲು ಅದನ್ನ ಇನ್ನೂ ಮರೆತಿಲ್ಲ. ಅದಕ್ಕೆ ನಾನು ಬುದ್ಧಿ ಹೇಳ್ಕೋತೀನಿ, ನೀವು ಕೋಲು ಇಳಿಸಬೇಡಿ.” ಹಾಗಂದವಳೇ ತಾನೇ ಕೋಲನ್ನು ಎರಡು ಬೆರಳು ಏರಿಸಿದಳು.

ಓಡಿ ಬಂದು ಚಿಮ್ಮಿದವಳು ಆಕಾಶಕ್ಕೆ ಮುಖಮಾಡಿ ಧೊಪ್ಪನೆ ಬೆನ್ನ ಮೇಲೆ ಬಿದ್ದಳು. ಕೋಲು ಅಲುಗಾಡಿ ಅಲ್ಲೇ ನಿಂತಿತು. ಅವಳು ತಿರುಗಿಯೂ ನೋಡಲಿಲ್ಲ. ಮಲಗಿದಲ್ಲಿಂದಲೇ ಅಂದಳು: “ಇನ್ನೂ ಏರಿಸಿ ಸಾರ್.”