ಜೋಸಿಯ ಕೆಂಪು ಚೀಟಿ

“ಇವರನ್ನೂ ಮುಂದೆ ಬಿಡೋಣ ಅಜ್ಜಿ,” ಎಂದು ಒಂಬತ್ತು ವರ್ಷದ ಜೋಸಿ ಹದಿನೈದನೆಯ ಸಲ ಹೇಳಿದಾಗ, ವರ್ನಾ ಗೊಣಗದೆ ಪಕ್ಕಕ್ಕೆ ಸರಿದು ಹಿಂದಿನವರಿಗೆ ದಾರಿ ಕೊಟ್ಟಳು. ರೋಲರ್ ಕೋಸ್ಟರ್ ನಾಲ್ಕೇ ಹೆಜ್ಜೆ ದೂರದಲ್ಲಿತ್ತು. ಬೆಳಿಗ್ಗೆ ಸಾಲಿನಲ್ಲಿ ನಿಲ್ಲದೆ ಫೋನಿನಲ್ಲೇ ಸರದಿ ಸಿಕ್ಕಿತ್ತು; ಆದರೆ ‘ಈಗ ಬನ್ನಿ’ ಎಂದು ಫೋನು ಕರೆದ ಹೊತ್ತಿಗೆ ಜೋಸಿ ಶೌಚಾಲಯದ ಚಿಲಕ ಹಾಕಿಕೊಂಡು ಕೂತುಬಿಟ್ಟಿದ್ದಳು. ಫೋನು ಅವಳಿಗಾಗಿ ಕಾಯಲಿಲ್ಲ; ಸರದಿ ತಪ್ಪಿಹೋಯಿತು. ಆಮೇಲೆ ಅವಳೇ ಹಟ ಹಿಡಿದು ಅಜ್ಜಿಯನ್ನು ಈ ನಿಂತು ಕಾಯುವ ಸಾಲಿಗೆ ಎಳೆದುತಂದಿದ್ದಳು. ವರ್ನಾ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಮೆಟ್ಟಿಲಲ್ಲಿ ಅಳುಕುವ ಮಕ್ಕಳನ್ನು ಅವಸರಪಡಿಸಬಾರದೆಂದು ಬಲ್ಲವಳು.

ಜನರನ್ನು ಹತ್ತಿಸುತ್ತಿದ್ದ ಯುವತಿಯ ಕಣ್ಣು ಜೋಸಿಯ ಕೊರಳಿನ ಕೆಂಪು ಚೀಟಿಯ ಮೇಲೆ ಬಿತ್ತು. “ಅಯ್ಯೋ, ಅದು ನಿನ್ನ ಹತ್ರ ಇದೆಯಾ ಪುಟ್ಟಿ? ಬಾಗಿಲಲ್ಲಿ ಕೊಟ್ಟಿದ್ದು ನನ್ನ ಕೈಗೆ ಬಂದ್ರೇನೇ, ಸಾಲಿಗೆ ಎಷ್ಟು ಹೊತ್ತು ಹಿಡೀತು ಅಂತ ನಮಗೆ ಗೊತ್ತಾಗೋದು, ಬಾಗಿಲ ಫಲಕದಲ್ಲಿ ಹಾಕೋದು.”

ಜೋಸಿ ಚೀಟಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಇನ್ನೊಂದು ಗಾಡಿ ಹೋಯಿತು. ಆಮೇಲೆ ಅದನ್ನು ಕೊರಳಿನಿಂದ ತೆಗೆದು ಯುವತಿಯ ಕೈಗಿಟ್ಟು, ಅಜ್ಜಿಗೂ ಕಾಯದೆ ಹೋಗಿ ಮೊಟ್ಟಮೊದಲ ಸೀಟಿನಲ್ಲಿ ಕುಳಿತಳು.

ಇಳಿದು ಹೊರಬರುವಾಗ ಕಂಬಿ ಹಿಡಿದುಕೊಂಡು ನಡೆದದ್ದು ವರ್ನಾ. ಬಾಗಿಲ ಬಳಿಯ ಫಲಕದಲ್ಲಿ ಅರವತ್ತು ನಿಮಿಷವಿದ್ದದ್ದು ನೂರಾಗಿತ್ತು. ಇಬ್ಬರು ಮಕ್ಕಳ ಕೈಹಿಡಿದಿದ್ದ ಒಬ್ಬಾತ, “ನೂರಾ? ಒಳಗೇನು ನಿದ್ದೆ ಹೊಡೀತಿದಾರಾ ಇವರು?” ಎಂದು ತಿರುಗಿ ಹೊರಟ.

ಜೋಸಿ ಓಡಿಹೋಗಿ ಅವನ ಅಂಗಿ ಜಗ್ಗಿದಳು. “ಅರವತ್ತೇ ಅಂಕಲ್, ಹೋಗಿ. ಉಳಿದ ನಲವತ್ತು ನಂದು.”